ಸೆಂಟಿನ ಜಾಗ ಕಿಟಕಿಯಲ್ಲ, ಟ್ರಂಕು

ನಮ್ಮ ಹಾಸ್ಟೆಲಿನ ಯಾವ ರೂಮಿಗೆ ಬೇಕಾದರೂ ಹೋಗಿ ನೋಡಿ. ಕಿಟಕಿಯ ಕಟ್ಟೆ ಮೇಲೆ ಒಂದು ಕನ್ನಡಿ, ಒಂದು ಬಾಚಣಿಗೆ, ಒಣಗೋಕೆ ಹಾಕಿದ ಸಾಕ್ಸು, ಅದರ ಪಕ್ಕದಲ್ಲೇ ಪರ್ಫ್ಯೂಮ್ ಬಾಟಲಿ. ಮಧ್ಯಾಹ್ನ ಮೂರರಿಂದ ಬಿಸಿಲು ನೇರ ಅದರ ಮೇಲೆ. ನಾವೂ ಹಾಗೇ ಇಟ್ಟಿದ್ವಿ.

ನಾವು ಒಂದೇ ರೂಮಿನ ಮೂವರು. ಕಳೆದ ವರ್ಷ ನಮ್ಮಲ್ಲೊಬ್ಬನ ಅಕ್ಕ ತನ್ನ ಮೊದಲ ಸಂಬಳದಲ್ಲಿ ಅವನಿಗೆ 100 ಎಂಎಲ್‌ನ ಬಾಟಲಿ ಕೊಡಿಸಿದ್ದಳು. ಹಾಕಿಕೊಂಡ ತಕ್ಷಣ ಕಿತ್ತಳೆ ಸಿಪ್ಪೆ ಸುಲಿದ ಹಾಗೆ ವಾಸನೆ, ಆಮೇಲೆ ನಿಧಾನಕ್ಕೆ ಗಂಧದ ಥರ ಏನೋ ಒಂದು. ಅದಕ್ಕೆ 'ಅಕ್ಕನ ಸೆಂಟು' ಅಂತಲೇ ಹೆಸರು. ದಿನಾ ಹಾಕಿದರೆ ಖಾಲಿಯಾಗುತ್ತೆ ಅಂತ ಫೆಸ್ಟಿಗೆ, ಮದುವೆಗೆ, ಹುಟ್ಟುಹಬ್ಬಕ್ಕೆ ಮಾತ್ರ ತೆಗೆಯುತ್ತಿದ್ವಿ. ಮಿಕ್ಕ ದಿನವೆಲ್ಲ ಅದು ಕಿಟಕಿಯಲ್ಲಿ ರಾಜನ ಹಾಗೆ ನಿಂತಿರುತ್ತಿತ್ತು.

ಏಪ್ರಿಲ್‌ನಲ್ಲಿ ಫೆಸ್ಟಿನ ದಿನ ಸ್ಪ್ರೇ ಮಾಡಿದರೆ ಕಿತ್ತಳೆ ಮಾಯ. ಹುಳಿ ಹುಳಿ ವಾಸನೆ, ನೇಲ್ ಪಾಲಿಶ್ ಬಾಟಲಿ ಮುಚ್ಚಳ ತೆಗೆದ ಹಾಗೆ. ಬಣ್ಣ ಬೇರೆ ಕಪ್ಪಾಗಿ ಡಿಕಾಕ್ಷನ್ ಥರ ಆಗಿತ್ತು. ಮೂವರೂ ಕೂತು ತೀರ್ಪು ಕೊಟ್ವಿ: ಡೂಪ್ಲಿಕೇಟ್ ಮಾಲು. ಅವನು ಅಕ್ಕನಿಗೆ ಫೋನ್ ಮಾಡಿ, 'ಅಂಗಡಿಯವನು ನಿಂಗೆ ಟೋಪಿ ಹಾಕಿದಾನೆ ಕಣೇ' ಅಂದ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅರ್ಧ ದಿನ ರಜಾ ಹಾಕಿ, ಬಿಲ್ಲು ಹುಡುಕಿಕೊಂಡು ಅಂಗಡಿಗೆ ಹೋದಳಂತೆ. ಅಂಗಡಿಯವರು ಅದೇ ಸೆಂಟಿನ ಟೆಸ್ಟರ್ ತೆಗೆದು ತೋರಿಸಿದರಂತೆ. ಕಿತ್ತಳೆ ಘಮ್ ಅಂತಿತ್ತು. ಅವರು ಕೇಳಿದ್ದು ಒಂದೇ: 'ಬಾಟಲಿ ಎಲ್ಲಿ ಇಟ್ಟಿದ್ರಮ್ಮಾ?'

ಸೆಕೆಂಡ್ ಪಿಯುನಲ್ಲಿ ಅರೇನಿಯಸ್ ಸಮೀಕರಣ ಬಾಯಿಪಾಠ ಮಾಡಿ ಬಂದವರು ನಾವು. ತಾಪಮಾನ 10 ಡಿಗ್ರಿ ಏರಿದರೆ ಎಷ್ಟೋ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತೆ ಅಂತ ಅಲ್ಲೇ ಓದಿದ್ದು. ಲೆಕ್ಕ ಮಾಡಿ ಮಾರ್ಕ್ಸ್ ತಗೊಂಡ್ವಿ, ಪಕ್ಕದ ಕಿಟಕಿ ಕಡೆ ತಿರುಗಿ ನೋಡಲಿಲ್ಲ. ಕಿತ್ತಳೆ, ನಿಂಬೆಯ ವಾಸನೆಯಲ್ಲಿ ಮುಖ್ಯವಾಗಿ ಇರೋದು ಲಿಮೊನೀನ್. ಅದು ಗಾಳಿಯ ಆಮ್ಲಜನಕ ಸಿಕ್ಕಿದರೆ ಸುಲಭವಾಗಿ ಆಕ್ಸಿಡೈಸ್ ಆಗುತ್ತೆ. ಲ್ಯಾವೆಂಡರ್‌ನಲ್ಲಿರುವ ಲಿನಲೂಲ್ ಕಥೆಯೂ ಅದೇ. ಬಿಸಿಲು, ಶಾಖ ಎರಡೂ ಇದಕ್ಕೆ ಕುಮ್ಮಕ್ಕು ಕೊಡುತ್ತವೆ. ಅದಕ್ಕೇ ಕೆಟ್ಟ ಸೆಂಟಿನಲ್ಲಿ ಮೊದಲು ಸಾಯೋದು ಹಾಕಿಕೊಂಡ ಕೂಡಲೇ ಮೂಗಿಗೆ ಹೊಡೆಯುವ ಆ ತಾಜಾ ವಾಸನೆ. ಗಂಧದಂಥ ಭಾರದ ಅಣುಗಳು ಆಮೇಲೂ ಅಷ್ಟಿಷ್ಟು ಉಳಿದಿರುತ್ತವೆ.

ವಾಸನೆ ಹೋದರೆ ಹೋಯ್ತು ಬಿಡಿ ಅನ್ನೋರಿಗೂ ಒಂದು ಮಾತು. ಆಕ್ಸಿಡೈಸ್ ಆದ ಲಿಮೊನೀನ್, ಲಿನಲೂಲ್ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತವೆ. ಹಾಳಾದ ಬಾಟಲಿಯನ್ನ 'ದುಡ್ಡು ಕೊಟ್ಟಿದೀವಲ್ಲ' ಅಂತ ಕುತ್ತಿಗೆಗೆ ಹೊಡ್ಕೊಳ್ಳೋದು ಬೇಡ. ಆದರೆ ಬಣ್ಣ ಒಂದನ್ನೇ ನೋಡಿ ಗಾಬರಿಯಾಗಿ ಎಸೆಯಬೇಡಿ. ವೆನಿಲಿನ್ ಇರುವ ಸೆಂಟು ತಂತಾನೇ ಕಂದು ಬಣ್ಣಕ್ಕೆ ತಿರುಗುತ್ತೆ, ವಾಸನೆ ಚೆನ್ನಾಗೇ ಇರಬಹುದು. ಮೂಗನ್ನು ನಂಬಿ.

ಸೆಂಟಿನ ವಿಷಯದಲ್ಲಿ ನಮ್ಮ ತಲೆಮಾರಿಗಿಂತ ಹಿಂದಿನವರಿಗೇ ಬುದ್ಧಿ ಜಾಸ್ತಿ ಇತ್ತು ಅನ್ನೋದು ನಮ್ಮ ಅಭಿಪ್ರಾಯ. ನಮ್ಮಲ್ಲೊಬ್ಬನ ಅಜ್ಜಿ ಪುಟ್ಟ ಅತ್ತರಿನ ಸೀಸೆಯನ್ನ ಹತ್ತಿಯಲ್ಲಿ ಸುತ್ತಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಡ್ತಿದ್ರು. ನಾವು ಅದನ್ನ ಜಿಪುಣತನ ಅಂದ್ಕೊಂಡಿದ್ವಿ. ಕತ್ತಲು, ತಂಪು, ಅಲುಗಾಟವಿಲ್ಲದ ಜಾಗ, ಗಟ್ಟಿ ಬಿರಡೆ: ಇದಕ್ಕಿಂತ ಸರಿಯಾದ ವ್ಯವಸ್ಥೆ ಇವತ್ತಿಗೂ ಇಲ್ಲ. ಫ್ರಾನ್ಸಿನ ವರ್ಸೈಯಲ್ಲಿ ಓಸ್ಮೊತೆಕ್ ಅಂತ ಸುಗಂಧಗಳ ಸಂಗ್ರಹಾಲಯವೇ ಇದೆ, 1990ರಲ್ಲಿ ಶುರುವಾದದ್ದು. ಅಲ್ಲಿ ಹಳೇ ಪರ್ಫ್ಯೂಮುಗಳನ್ನ ಕತ್ತಲಲ್ಲಿ, 12 ಡಿಗ್ರಿಯಲ್ಲಿ, ಬಾಟಲಿಯೊಳಗಿನ ಗಾಳಿಯ ಜಾಗಕ್ಕೆ ಆರ್ಗಾನ್ ತುಂಬಿ ಇಡುತ್ತಾರೆ. ಆರ್ಗಾನ್ ಒಂದು ಬಿಟ್ಟರೆ ಅಜ್ಜಿಯ ಬೀರುವೂ ಅದೇ ಅಲ್ವಾ?

ಗಂಧದೆಣ್ಣೆಯ ನಾಡಿನವರು ನಾವು ಅಂತ ಎದೆ ತಟ್ಟಿಕೊಳ್ಳುತ್ತೇವೆ. 1916ರಲ್ಲಿ ಮೈಸೂರು ಸಂಸ್ಥಾನ ತಾನೇ ಗಂಧದೆಣ್ಣೆ ತೆಗೆಯೋಕೆ ಶುರು ಮಾಡಿದಾಗ ದಿವಾನರಾಗಿದ್ದವರು ನಮ್ಮ ಇಂಜಿನಿಯರ್ಸ್ ಡೇಯ ವಿಶ್ವೇಶ್ವರಯ್ಯನವರೇ. ಪ್ರತಿ ಸೆಪ್ಟೆಂಬರ್ 15ಕ್ಕೆ ಅವರ ಫೋಟೋಗೆ ಹಾರ ಹಾಕಿ ರೂಮಿಗೆ ಬಂದು ಬಾಟಲಿಯನ್ನ ಬಿಸಿಲಿಗೆ ಇಡ್ತೀವಿ!

ಹಾಗಾದರೆ ಹಾಸ್ಟೆಲಿನಲ್ಲಿ ಎಲ್ಲಿಡೋದು? ಬಾತ್‌ರೂಮಿನ ಶೆಲ್ಫ್ ಬೇಡ. ಬಿಸಿನೀರಿನ ಹಬೆಗೆ ದಿನಾ ಕಾಯೋದು, ಆರೋದು ಅದಕ್ಕೆ ಒಗ್ಗಲ್ಲ. ಸ್ಕೂಟರ್ ಡಿಕ್ಕಿ ಅಂತೂ ಒಲೆಯೇ. ಇಸ್ತ್ರಿ ಪೆಟ್ಟಿಗೆ, ಅಗರಬತ್ತಿ ಹತ್ತಿರವೂ ಇಡಬಾರದು, ಒಳಗಿರೋದು ಬಹುಪಾಲು ಆಲ್ಕೋಹಾಲ್, ಬೆಂಕಿ ಹತ್ತಿಕೊಳ್ಳುತ್ತೆ. ಮಂಚದ ಕೆಳಗಿನ ಟ್ರಂಕು ಇದೆಯಲ್ಲ, ಅಮ್ಮ ಹಠ ಹಿಡಿದು ಕಳಿಸಿದ್ದು, ನಾವು ನಾಚಿಕೆಪಟ್ಟುಕೊಂಡು ತಂದಿದ್ದು? ಅದರಲ್ಲಿ, ಬಟ್ಟೆಗಳ ನಡುವೆ, ಬಾಟಲಿ ಬಂದ ರಟ್ಟಿನ ಡಬ್ಬಿ ಸಮೇತ ನೆಟ್ಟಗೆ ನಿಲ್ಲಿಸಿ. ನಾವೋ ಡಬ್ಬಿಯ ಫೋಟೋ ತೆಗೆದು ಸ್ಟೇಟಸ್ ಹಾಕಿ, ಅವತ್ತೇ ಎಸೆದಿದ್ವಿ.

ಫ್ರಿಜ್ಜಿನಲ್ಲಿಡಿ ಅಂತ ರೀಲ್ಸ್‌ನಲ್ಲಿ ಹೇಳ್ತಾರೆ, ಸೆಂಟಿಗೆ ಅಂತಲೇ ಪುಟ್ಟ ಫ್ರಿಜ್ ಮಾರುವವರೂ ಇದ್ದಾರೆ. ನಮಗೆ ಅದು ಅತಿ ಅನಿಸುತ್ತೆ. ಮನೆ ಫ್ರಿಜ್ಜಿನ ಬಾಗಿಲಲ್ಲಿ ಇಟ್ಟು ದಿನಕ್ಕೆ ನಾಲ್ಕು ಸಲ ಹೊರಗೆ ಒಳಗೆ ಆಡಿಸುವುದಕ್ಕಿಂತ, ಬಿಸಿಲು ಬೀಳದ ಒಂದೇ ಜಾಗದಲ್ಲಿ ಸುಮ್ಮನೆ ಬಿಡೋದು ವಾಸಿ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಗೆಳೆಯರು ರಜೆಗೆ ಊರಿಗೆ ಹೋದಾಗ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟರೆ ನಮ್ಮ ತಕರಾರಿಲ್ಲ.

ನಮ್ಮ ದೊಡ್ಡ ತಪ್ಪು ಇನ್ನೊಂದಿತ್ತು, ಅದು ಕಿಟಕಿಗಿಂತಲೂ ದೊಡ್ಡದು. ವಿಶೇಷ ದಿನಕ್ಕೆ ಅಂತ ಉಳಿಸಿದ್ದು. ಸ್ಪ್ರೇ ಒತ್ತಿದಾಗಲೆಲ್ಲ ಹೊರಬಂದ ದ್ರವದ ಜಾಗಕ್ಕೆ ಗಾಳಿ ಒಳಗೆ ಹೋಗುತ್ತೆ. ಅರ್ಧ ಖಾಲಿಯಾದ ಬಾಟಲಿ ಅಂದರೆ ಅರ್ಧ ಬಾಟಲಿ ಗಾಳಿ. ಅದನ್ನ ಹಾಗೇ ತಿಂಗಳುಗಟ್ಟಲೆ ಇಡೋದು ಉಳಿತಾಯ ಅಲ್ಲ, ನಿಧಾನವಾಗಿ ಚೆಲ್ಲೋದು. ಆಫರ್ ಇದೆ ಅಂತ 100 ಎಂಎಲ್ ತಗೊಳ್ಳೋ ಬದಲು 30 ಎಂಎಲ್ ತಗೊಂಡು, ಹೊರಗಿನ ಲ್ಯಾಬಿಗೋ ಲೈಬ್ರರಿಗೋ ಹೋಗುವ ಸಾದಾ ಮಂಗಳವಾರವೂ ಹಾಕ್ಕೊಳ್ಳಿ. ಅಕ್ಕ ಕೊಡಿಸಿದ್ದು ಹಾಕ್ಕೊಳ್ಳಲಿ ಅಂತ, ಕಿಟಕಿಗೆ ಅಲಂಕಾರ ಮಾಡಲಿ ಅಂತ ಅಲ್ಲ.

ಅವನು ಅಕ್ಕನಿಗೆ ವಾಪಸ್ ಫೋನ್ ಮಾಡೋಕೆ ಎರಡು ದಿನ ತಗೊಂಡ. ನಾವಿಬ್ಬರೂ ಪಕ್ಕದಲ್ಲೇ ಕೂತಿದ್ವಿ, ತೀರ್ಪು ಕೊಟ್ಟವರು ನಾವೂ ತಾನೇ. 'ತಪ್ಪು ನಮ್ದೇ ಕಣೇ, ಬಿಸಿಲಲ್ಲಿ ಇಟ್ಟಿದ್ವಿ' ಅಂದ. ಅಂಗಡಿಯಲ್ಲಿ ಅಷ್ಟು ಜನರೆದುರು ಜಗಳ ಆಡಿ ಬಂದೆ ಕಣೋ ನಾನು, ಅಂತ ಬೈದಳು, ಸ್ಪೀಕರ್ ಆನ್ ಇದ್ದಿದ್ದರಿಂದ ಮೂವರಿಗೂ ಬಿತ್ತು. ದಸರಾ ರಜೆಗೆ ಹೋದಾಗ ಮೂವರೂ ಸೇರಿಸಿ ಅವಳಿಗೇ ಒಂದು 30 ಎಂಎಲ್ ಕೊಡಿಸಬೇಕು ಅಂತ ದುಡ್ಡು ಕೂಡಿಸ್ತಾ ಇದ್ದೀವಿ. ಡಬ್ಬಿ ಎಸೀಬೇಡ ಅಂತ ಮೊದಲೇ ಹೇಳಬೇಕು.