ಸೋತ ದಂಗೆಯ ಮರುದಿನ

ಬಿಳಿಕೆರೆಯಲ್ಲಿ ಮಕ್ಕಳಿಗೆ ಚರಿತ್ರೆ ಹೇಳುತ್ತಿದ್ದ ಕಾಲದಲ್ಲಿ, ನಗರದ ರೈತರ ದಂಗೆಯ ಪಾಠವನ್ನು ಒಮ್ಮೆ "ದಂಗೆಯು ಅಡಗಿತು" ಎಂದು ಮುಗಿಸಿದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, "ಮಾರನೆಯ ದಿನ ಆ ಜನ ಏನು ಮಾಡಿದರು, ಮೇಷ್ಟ್ರೇ?" ಎಂದು ಕೇಳಿದ. ಅಂದು ಉತ್ತರ ಹೊಳೆಯಲಿಲ್ಲ. ಬಹುಕಾಲದ ಮೇಲೆ ಹೊಳೆದುದನ್ನು ವಾಚಕರ ಮುಂದಿಡುತ್ತಿದ್ದೇನೆ.

1830ರಲ್ಲಿ ಕಂದಾಯದ ಹೊರೆಯನ್ನೂ ಅಧಿಕಾರಿಗಳ ಕಾಟವನ್ನೂ ತಾಳಲಾರದೆ ಮಲೆನಾಡಿನ ನಗರ ಸೀಮೆಯ ರೈತರು ಕೂಟ ಕೂಡಿದರು. ಅಹವಾಲಿಗೆ ಪರಿಹಾರ ದೊರೆಯದೆ ಕೂಟವೇ ದಂಗೆಯಾಯಿತು. ಬೂದಿ ಬಸವಪ್ಪನು ನಗರದ ಗದ್ದುಗೆ ತನ್ನದೆಂದನು. 1831ರಲ್ಲಿ ಕಂಪನಿಯ ಸೈನ್ಯವು ನಗರವನ್ನು ಹಿಡಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವೇ ತಪ್ಪಿತು. ನಮ್ಮ ಹುಣಸೂರು ಸೀಮೆಯೂ ಸೇರಿ ಮೈಸೂರು ಸಂಸ್ಥಾನವೆಲ್ಲ 50 ವರ್ಷ ಪರರ ಆಳ್ವಿಕೆಗೆ ಒಳಪಟ್ಟಿತು.

ಆ ಆಳ್ವಿಕೆಯಿಂದ ಕೇಡೇ ಆಯಿತೆಂದರೆ ಅನ್ಯಾಯವಾದೀತು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ 769 ಬಗೆಯ ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದನು. ಸುಮಾರು 1,600 ಮೈಲಿ ರಸ್ತೆ ಆಯಿತು. ರೈತನು ಬೇಡಿದ್ದರಲ್ಲಿ ಎಷ್ಟೋ ಅವನಿಗೆ ದೊರೆಯಿತು. ದೊರೆಯದೆ ಉಳಿದದ್ದು ಒಂದೇ: ಬೇಡುವ ಹಕ್ಕು.

ಇದೇ ಕಥೆ ದೂರದ ಹಂಗೇರಿಯಲ್ಲಿಯೂ ನಡೆಯಿತು. 1956ರ ಅಕ್ಟೋಬರಿನಲ್ಲಿ ಎದ್ದ ಜನರನ್ನು ನವೆಂಬರಿನಲ್ಲಿ ಸೋವಿಯತ್ ಟ್ಯಾಂಕುಗಳು ತುಳಿದವು. ಸುಮಾರು ಎರಡು ಲಕ್ಷ ಮಂದಿ ದೇಶ ಬಿಟ್ಟರು. ದಂಗೆಯ ಕಾಲದ ಪ್ರಧಾನಿ ಇಮ್ರೆ ನಾಗಿಯನ್ನು 1958ರ ಜೂನ್ 16ರಂದು ಗಲ್ಲಿಗೇರಿಸಿ, ಗುರುತಿಲ್ಲದಂತೆ ಹೂಳಿದರು. ಹೀಗೆ ಆಳತೊಡಗಿದ ಯಾನೋಶ್ ಕಾದಾರನೇ 1963ರಲ್ಲಿ ಸೆರೆಯಾಳುಗಳಿಗೆ ಕ್ಷಮಾದಾನವಿತ್ತನು. ಬರಬರುತ್ತ ಅಂಗಡಿಗಳಲ್ಲಿ ಸಾಮಾನು ತುಂಬಿತು. ಜನ ದುಡಿದರು, ಉಂಡರು, ಮಕ್ಕಳ ಮದುವೆ ಮಾಡಿದರು. ನಾಗಿಯ ಹೆಸರನ್ನು ಮಾತ್ರ ಬೀದಿಯಲ್ಲಿ ಎತ್ತುವಂತಿರಲಿಲ್ಲ.

ಹೊಟ್ಟೆ ತುಂಬಿದವನಿಗೆ ಮಾತೇಕೆ ಎನ್ನುವ ಜಾಣರು ಎಲ್ಲ ಕಾಲದಲ್ಲಿಯೂ ಉಂಟು, ಇಂದೂ ಉಂಟು. ರಸ್ತೆ ಬೇಡವೆಂದು ನಾನೂ ಹೇಳಲಾರೆ. ಆದರೆ ಧಣಿಯು ಒಲಿದು ಕೊಟ್ಟದ್ದನ್ನು ಮುನಿದಾಗ ಕಸಿದುಕೊಳ್ಳಬಲ್ಲನು. ಕೇಳಿ ಪಡೆದದ್ದು ಮಾತ್ರವೇ ನಮ್ಮದು. ಕೇಳುವ ನಾಲಗೆಯನ್ನು ಕಟ್ಟಿ ಕೊಟ್ಟ ಅನ್ನವು ಕೊಟ್ಟಿಗೆಯ ಎತ್ತಿಗೆ ಹಾಕಿದ ಮೇವಿಗಿಂತ ಹೇಗೆ ಬೇರೆ?

ಕಟ್ಟಿದ ನಾಲಗೆ ಎಂದೋ ಒಂದು ದಿನ ಬಿಚ್ಚುತ್ತದೆ. 1881ರಲ್ಲಿ ಆಡಳಿತವು ಅರಸರಿಗೆ ಮರಳಿತು. ಆ ವರ್ಷವೇ ದಿವಾನ್ ರಂಗಾಚಾರ್ಲು ಕರೆದ ಪ್ರಜಾಪ್ರತಿನಿಧಿ ಸಭೆಯಲ್ಲಿ 144 ಮಂದಿ ಕುಳಿತರು. ಅವರು ಚುನಾಯಿತರಲ್ಲ, ಬಡ ಒಕ್ಕಲಿಗೆ ಅಲ್ಲಿ ಪೀಠವಿರಲಿಲ್ಲ. ಆದರೂ ಅಹವಾಲಿಗೆ ಒಂದು ಬಾಗಿಲು ತೆರೆಯಿತು. ಹಂಗೇರಿಯಲ್ಲಿ 1989ರ ಜೂನ್ 16ರಂದು ಜನಸಾಗರವೇ ನೆರೆದು ನಾಗಿಯನ್ನು ಮರಳಿ ಮಣ್ಣುಮಾಡಿತು, ಈ ಸಲ ಹೆಸರು ಹಿಡಿದು.

ಆ ಹುಡುಗನಿಗೆ ಇಂದು ಹೇಳಬಲ್ಲೆ: ಮಾರನೆಯ ದಿನ ಅವರು ಹೊಲಕ್ಕೆ ಹೋದರು, ಮಗು. ಸುಮ್ಮನೆ ಉತ್ತರು. ಆದರೆ ಮರೆಯಲಿಲ್ಲ.