ಐರೋಪ್ಯ ಪೌರರ ಪತಿ-ಪತ್ನಿಯರ ವೀಸಾ: ದೋರನಹಳ್ಳಿ ಭಾಗದ ಕುಟುಂಬಗಳು ಕೇಳಿ ಪಡೆಯಬೇಕಾದ ಹಕ್ಕು

ಐರೋಪ್ಯ ಒಕ್ಕೂಟದ ಪೌರರೊಬ್ಬರನ್ನು ಕಾನೂನುಬದ್ಧವಾಗಿ ಮದುವೆಯಾದ ಭಾರತೀಯರು ತಮ್ಮ ಗಂಡನ ಅಥವಾ ಹೆಂಡತಿಯ ಜೊತೆಗೂಡಿ ಯುರೋಪಿಗೆ ಹೋಗಲು ವೀಸಾ ಕೇಳಿದಾಗ, ಅದನ್ನು ಕೊಡುವುದೂ ಬಿಡುವುದೂ ಅಲ್ಲಿನ ಅಧಿಕಾರಿಯ ಮರ್ಜಿಗೆ ಸೇರಿದ್ದು ಎಂಬುದು ಸಾಮಾನ್ಯ ನಂಬಿಕೆ. ಈ ನಂಬಿಕೆ ತಪ್ಪು. ಒಕ್ಕೂಟದ ಕಾನೂನು ಅದನ್ನು ಹಕ್ಕೆಂದೇ ಒಪ್ಪಿದೆ. ಆದರೆ ಆ ಹಕ್ಕನ್ನು ಎಲ್ಲ ದಂಪತಿಗಳಿಗೂ ಸಮನಾಗಿ ಹಂಚಿಲ್ಲ, ಹಂಚಿದಷ್ಟನ್ನಾದರೂ ಪಡೆದುಕೊಳ್ಳಲು ಬೇಕಾದ ಕಾಗದಪತ್ರಗಳು ಯಾದಗಿರಿ ಜಿಲ್ಲೆಯ ಅನೇಕ ಮನೆಗಳಲ್ಲಿ ಸರಿಯಾಗಿಲ್ಲ. ಈ ಎರಡೂ ಕೊರತೆಗಳು ನೀಗಬೇಕು, ಮೊದಲನೆಯದು ಯುರೋಪಿನ ರಾಜಧಾನಿಗಳಲ್ಲಿ, ಎರಡನೆಯದು ಶಹಾಪುರದ ಕಚೇರಿಗಳಲ್ಲಿ ಎಂಬುದು ಈ ಕರಪತ್ರದ ವಾದ.

ದೋರನಹಳ್ಳಿಗೂ ಯುರೋಪಿಗೂ ಎಲ್ಲಿಯ ನಂಟು ಎಂದು ಕೇಳುವವರಿಗೆ ಮೊದಲ ಉತ್ತರ ಗೋವಾದಲ್ಲಿ ಸಿಗುತ್ತದೆ. ಯಾದಗಿರಿ, ವಿಜಯಪುರ, ಬಾಗಲಕೋಟೆ ಕಡೆಯ ಜನ ಕೂಲಿಗೆ, ಕಟ್ಟಡ ಕೆಲಸಕ್ಕೆ, ಸಣ್ಣ ವ್ಯಾಪಾರಕ್ಕೆಂದು ದಶಕಗಳಿಂದ ಗೋವಾಕ್ಕೆ ಹೋಗುತ್ತ, ಕೆಲವರು ಅಲ್ಲಿಯೇ ನೆಲೆಸುತ್ತ ಬಂದಿದ್ದಾರೆ. ಕಾರವಾರ ಮತ್ತು ಖಾನಾಪುರ ತಾಲ್ಲೂಕುಗಳಿಗಂತೂ ಗೋವಾದೊಂದಿಗೆ ಹೆಣ್ಣು ತರುವ, ಹೆಣ್ಣು ಕೊಡುವ ಸಂಬಂಧ ಹಳೆಯದು. 1961ರ ಡಿಸೆಂಬರ್ 19ರವರೆಗೆ ಗೋವಾ ಪೋರ್ಚುಗಲ್ಲಿನ ಆಳ್ವಿಕೆಯಲ್ಲಿದ್ದುದರಿಂದ, ಅದಕ್ಕೆ ಮೊದಲು ಅಲ್ಲಿ ಹುಟ್ಟಿದವರೂ ಅವರ ಮಕ್ಕಳು, ಮೊಮ್ಮಕ್ಕಳೂ ಲಿಸ್ಬನ್ನಿನ ದಾಖಲೆಗಳಲ್ಲಿ ಜನನವನ್ನು ನೋಂದಾಯಿಸಿ ಪೋರ್ಚುಗೀಸ್ ಪೌರತ್ವ ಪಡೆಯಲು ಆ ದೇಶದ ಕಾನೂನು ಅವಕಾಶ ಕೊಟ್ಟಿದೆ. ಹಾಗೆ ಪೌರತ್ವ ಪಡೆದ ಗೋವಾದ ಯುವಕನೊಬ್ಬ ಒಕ್ಕೂಟದ 27 ದೇಶಗಳಲ್ಲಿ ಎಲ್ಲಿ ಬೇಕಾದರೂ ದುಡಿಯಬಹುದು. ಅವನು ಮದುವೆಯಾದ ಹುಡುಗಿ ಮಾತ್ರ ಭಾರತದ ಪೌರಳಾಗಿಯೇ ಉಳಿಯುತ್ತಾಳೆ. ಎರಡನೆಯ ಉತ್ತರ ಬೆಂಗಳೂರಿನ ಮೂಲಕ ಹೊರದೇಶಕ್ಕೆ ಹೋದ ಕನ್ನಡಿಗರದು. ಐರ್ಲೆಂಡ್, ನೆದರ್ಲೆಂಡ್ಸ್, ಜರ್ಮನಿಗಳಲ್ಲಿ ಸಾಫ್ಟ್‌ವೇರ್ ಕೆಲಸಕ್ಕೋ ಆಸ್ಪತ್ರೆಯ ಕೆಲಸಕ್ಕೋ ನಿಂತು ಅಲ್ಲಿನ ಪೌರತ್ವ ಸ್ವೀಕರಿಸಿದವರು, ಭಾರತದ ಸಂವಿಧಾನದ 9ನೆಯ ವಿಧಿ ಮತ್ತು 1955ರ ಪೌರತ್ವ ಕಾಯ್ದೆಯ ಪ್ರಕಾರ, ಆ ಕ್ಷಣಕ್ಕೆ ಭಾರತೀಯ ಪೌರತ್ವವನ್ನು ಕಳೆದುಕೊಳ್ಳುತ್ತಾರೆ. ಊರಿಗೆ ಬಂದು ಮದುವೆಯಾದರೆ ಒಂದೇ ಸಂಸಾರದಲ್ಲಿ ಎರಡು ದೇಶಗಳ ಪಾಸ್‌ಪೋರ್ಟ್ ಇರುತ್ತವೆ.

ದೂರದೇಶದವರೊಡನೆ ಸಂಬಂಧ ಈ ಸೀಮೆಗೆ ಹೊಸದೂ ಅಲ್ಲ. ಸುರಪುರ ಸಂಸ್ಥಾನದ ಆಡಳಿತವನ್ನು 1840ರ ದಶಕದಿಂದ ಹಲವು ವರ್ಷ ನೋಡಿಕೊಂಡ ಆಂಗ್ಲ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಮದುವೆಯಾದದ್ದು ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು ಮೇರಿಯನ್ನು. ಆ ಪಾಮರನ ತಾಯಿ ಭಾರತೀಯ ಬೇಗಂ ಆಗಿದ್ದರು. ಅಂಥ ಮದುವೆಗಳಿಗೆ ಆಗ ವೀಸಾದ ಪ್ರಶ್ನೆಯೇ ಏಳುತ್ತಿರಲಿಲ್ಲ. ಗಡಿಯಲ್ಲಿ ಎಲ್ಲರ ಕಾಗದ ನೋಡುವ ವ್ಯವಸ್ಥೆ ಮೊದಲನೆಯ ಮಹಾಯುದ್ಧದ ನಂತರ ಗಟ್ಟಿಯಾದದ್ದು, ಭಾರತದ ಪಾಸ್‌ಪೋರ್ಟ್ ಪ್ರವೇಶ ಕಾಯ್ದೆ ಬಂದದ್ದು 1920ರಲ್ಲಿ.

ಹಕ್ಕಿನ ಮೂಲ 2004ರ ಏಪ್ರಿಲ್ 29ರಂದು ಹೊರಟ 2004/38 ಸಂಖ್ಯೆಯ ನಿರ್ದೇಶನದಲ್ಲಿದೆ. ನಿರ್ದೇಶನವೆಂದರೆ ಒಕ್ಕೂಟದ ಸಂಸತ್ತು ಮತ್ತು ಮಂತ್ರಿಮಂಡಲಿ ಕೂಡಿ ಮಾಡಿದ, ಪ್ರತಿಯೊಂದು ಸದಸ್ಯ ದೇಶವೂ ತನ್ನ ಕಾನೂನಿನೊಳಗೆ ಅಳವಡಿಸಿಕೊಳ್ಳಲೇಬೇಕಾದ ಕಟ್ಟಳೆ. ಇದಕ್ಕೆ ಕೊಟ್ಟ ಗಡುವು 2006ರ ಏಪ್ರಿಲ್ 30ಕ್ಕೆ ಮುಗಿದಿದೆ. ಇದರ 5ನೆಯ ವಿಧಿಯಂತೆ, ಒಕ್ಕೂಟದ ಪೌರನೊಬ್ಬ ತನ್ನದಲ್ಲದ ಇನ್ನೊಂದು ಸದಸ್ಯ ದೇಶಕ್ಕೆ ಹೋಗುವಾಗ ಅಥವಾ ಅಲ್ಲಿ ನೆಲೆಸಿರುವಾಗ, ಅವನ ಜೊತೆ ಹೋಗುವ ಅಥವಾ ಅವನನ್ನು ಸೇರಿಕೊಳ್ಳುವ ಪತ್ನಿಗೆ ವೀಸಾ ಪಡೆಯಲು ಎಲ್ಲ ಅನುಕೂಲ ಮಾಡಿಕೊಡಬೇಕು, ವೀಸಾವನ್ನು ಶುಲ್ಕವಿಲ್ಲದೆ ಕೊಡಬೇಕು, ಆದಷ್ಟು ಬೇಗ ಕೊಡಬೇಕು. ಸಾಮಾನ್ಯ ಪ್ರವಾಸಿಗೆ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್ 11ರಿಂದ 90 ಯೂರೋ ಆಗಿದೆ ಎಂಬುದನ್ನು ನೆನೆದರೆ ಈ ವಿನಾಯಿತಿಯ ಬೆಲೆ ತಿಳಿಯುತ್ತದೆ. ಷೆಂಗೆನ್ ಎಂದರೆ ತಮ್ಮ ನಡುವಿನ ಗಡಿ ತಪಾಸಣೆ ತೆಗೆದುಹಾಕಿದ 29 ದೇಶಗಳ ಕೂಟ. ಐರ್ಲೆಂಡ್ ಒಕ್ಕೂಟದ ಒಳಗಿದ್ದರೂ ಈ ಕೂಟದ ಹೊರಗಿದೆ, ಆದ್ದರಿಂದ ಅಲ್ಲಿಗೆ ಹೋಗುವವರಿಗೆ ಐರಿಷ್ ವೀಸಾ ಬೇರೆಯಾಗಿಯೇ ಬೇಕು.

ಶುಲ್ಕಕ್ಕಿಂತ ದೊಡ್ಡ ಸಂಗತಿ ಕೇಳುವ ದಾಖಲೆಗಳದು. ಪ್ರವಾಸಿಯಾದವನು ಬ್ಯಾಂಕಿನ ಲೆಕ್ಕ, ಸಂಬಳದ ಚೀಟಿ, ಹೋಟೆಲಿನ ಕೋಣೆ ಕಾಯ್ದಿರಿಸಿದ ರಸೀದಿ, 30,000 ಯೂರೋ ಮೊತ್ತದ ಪ್ರಯಾಣ ವಿಮೆ, ಊರಿಗೆ ಮರಳಿ ಬರುವೆನೆಂಬುದಕ್ಕೆ ಆಧಾರ, ಎಲ್ಲವನ್ನೂ ತೋರಿಸಬೇಕಾಗುತ್ತದೆ. ಸ್ವಂತ ಹೆಸರಿನಲ್ಲಿ ಪಹಣಿಯಿಲ್ಲದ, ಬ್ಯಾಂಕಿನಲ್ಲಿ ನರೇಗಾ ಕೂಲಿಯ ಹೊರತು ಬೇರೆ ಹಣ ಕಾಣದ ಹೆಣ್ಣುಮಗಳು ಈ ಪರೀಕ್ಷೆಯಲ್ಲಿ ಗೆಲ್ಲುವುದು ಕಷ್ಟ. ನಿರ್ದೇಶನದ ವ್ಯಾಪ್ತಿಗೆ ಬರುವ ಪತ್ನಿ ಇವುಗಳಲ್ಲಿ ಯಾವುದನ್ನೂ ತೋರಿಸಬೇಕಿಲ್ಲ. ಅರ್ಜಿಯ ನಮೂನೆಯಲ್ಲೇ ನಕ್ಷತ್ರ ಗುರುತಿನ ಅಂಕಣಗಳನ್ನು ಅವಳು ಖಾಲಿ ಬಿಡಬಹುದೆಂದು ಮುದ್ರಿಸಿರುತ್ತಾರೆ. ಪಾಸ್‌ಪೋರ್ಟ್, ಗಂಡನ ಪೌರತ್ವದ ದಾಖಲೆ, ಮದುವೆಯ ಪ್ರಮಾಣಪತ್ರ, ಇಬ್ಬರೂ ಕೂಡಿ ಹೋಗುತ್ತಿರುವುದಕ್ಕೆ ಅಥವಾ ಅವನನ್ನು ಸೇರಲು ಹೋಗುತ್ತಿರುವುದಕ್ಕೆ ಆಧಾರ, ಇಷ್ಟು ಸಾಕು. ನಿರಾಕರಿಸಬೇಕಾದರೆ ಸಂಬಂಧ ಸಾಬೀತಾಗಿಲ್ಲವೆಂದೋ, ಸಾರ್ವಜನಿಕ ಸುರಕ್ಷತೆ ಅಥವಾ ಆರೋಗ್ಯಕ್ಕೆ ಅಪಾಯವೆಂದೋ, ಮದುವೆಯೇ ಕಪಟವೆಂದೋ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು, ಮೇಲ್ಮನವಿಗೆ ದಾರಿ ಇರಬೇಕು. ಒಳಗೆ ಹೋದ ಮೇಲೆ ಅವಳು ಅಲ್ಲಿಯೇ ನಿವಾಸ ಪತ್ರಕ್ಕೆ ಅರ್ಜಿ ಹಾಕಬಹುದು, ಅದನ್ನು 6 ತಿಂಗಳೊಳಗೆ ಕೊಡಬೇಕು, ಮತ್ತು ಅವಳಿಗೆ ದುಡಿಯುವ ಹಕ್ಕೂ ಇದೆ. ಹಳ್ಳಿಯ ಸೊಸೆಯೊಬ್ಬಳು ಪರದೇಶದಲ್ಲಿ ಗಂಡನ ಕೈ ನೋಡುತ್ತ ಕೂರಬೇಕಾಗದಂತೆ ಮಾಡುವ ಈ ಕೊನೆಯ ಮಾತು ಇಡೀ ನಿರ್ದೇಶನದಲ್ಲೇ ಬೆಲೆಯುಳ್ಳದ್ದು.

ಈ ಹಕ್ಕಿಗೊಂದು ದೊಡ್ಡ ಬಿರುಕಿದೆ. ಪೌರನು ತನ್ನ ದೇಶದ ಗಡಿ ದಾಟಿ ಇನ್ನೊಂದು ಸದಸ್ಯ ದೇಶದಲ್ಲಿದ್ದರೆ ಮಾತ್ರ ನಿರ್ದೇಶನ ಅನ್ವಯಿಸುತ್ತದೆ. ಸ್ವಂತ ದೇಶದಲ್ಲೇ ಇದ್ದರೆ ಅವನ ಸಂಸಾರ ಆ ದೇಶದ ಒಳ ಕಾನೂನಿಗೆ ಬಿಟ್ಟದ್ದು. ಪೋರ್ಚುಗೀಸ್ ಪಾಸ್‌ಪೋರ್ಟಿನ ಗೋವಾದವನು ಜರ್ಮನಿಯಲ್ಲಿ ದುಡಿಯುತ್ತಿದ್ದರೆ ಅವನ ಹೆಂಡತಿ ಜರ್ಮನ್ ಭಾಷೆಯ ಒಂದು ಅಕ್ಷರ ಬಾರದಿದ್ದರೂ ಹೋಗಬಹುದು; ಜರ್ಮನಿಯದೇ ಪೌರತ್ವ ಪಡೆದು ಅಲ್ಲೇ ಇರುವ ಕಲಬುರಗಿಯವನ ಹೆಂಡತಿ ಮಾತ್ರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 2007ರಿಂದ ಜಾರಿಯಲ್ಲಿರುವ ನಿಯಮದಂತೆ ಆ ಭಾಷೆಯ ಮೊದಲ ಹಂತದ ಪರೀಕ್ಷೆಯನ್ನು ಊರಲ್ಲಿರುವಾಗಲೇ ಪಾಸು ಮಾಡಬೇಕು. ನೆದರ್ಲೆಂಡ್ಸ್ 2006ರಿಂದ ತನ್ನ ಪೌರರ ಹೊರದೇಶದ ಸಂಗಾತಿಗಳಿಗೆ ಡಚ್ ಭಾಷೆ ಮತ್ತು ಸಮಾಜದ ಪರಿಚಯ ಕುರಿತ ಪರೀಕ್ಷೆ ಇಟ್ಟಿದೆ. ಡೆನ್ಮಾರ್ಕ್ 2002ರಲ್ಲಿ ಗಂಡ-ಹೆಂಡತಿ ಇಬ್ಬರಿಗೂ 24 ವರ್ಷ ತುಂಬಿರಬೇಕೆಂದು ವಿಧಿಸಿದಾಗ, ಅನೇಕ ಡೇನಿಷ್ ದಂಪತಿಗಳು ಸ್ವೀಡನ್ನಿನ ಮಾಲ್ಮೋ ನಗರಕ್ಕೆ ಮನೆ ಸಾಗಿಸಿ, ಓರೆಸುಂಡ್ ಸೇತುವೆ ದಾಟಿ ಕೋಪನ್‌ಹೇಗನ್ನಿನ ಕೆಲಸಕ್ಕೆ ಬಂದು ಹೋಗತೊಡಗಿದರು. ತಾಯ್ನಾಡಿನಲ್ಲಿ ಸಿಗದ ಹಕ್ಕು ನೆರೆಯ ನಾಡಿನಲ್ಲಿ ಸಿಗುವಂತೆ ಮಾಡಿದ ಕಾನೂನನ್ನು ನ್ಯಾಯವೆಂದು ಕರೆಯುವುದು ಸಾಧ್ಯವಿಲ್ಲ.

ಈ ಬಿರುಕಿನ ಮೂಲಕವೇ ದಾರಿ ಮಾಡಿಕೊಂಡವರಲ್ಲಿ ಭಾರತೀಯನೊಬ್ಬನ ಹೆಸರು ಕಾನೂನಿನ ಚರಿತ್ರೆಯಲ್ಲಿ ನಿಂತಿದೆ. ಸುರಿಂದರ್ ಸಿಂಗ್ 1982ರಲ್ಲಿ ಬ್ರಿಟಿಷ್ ಪೌರಳನ್ನು ಮದುವೆಯಾಗಿ, 1983ರಿಂದ 1985ರವರೆಗೆ ಅವಳೊಡನೆ ಜರ್ಮನಿಯಲ್ಲಿ ದುಡಿದು, ಬ್ರಿಟನ್ನಿಗೆ ಮರಳಿದರು. ಮುಂದೆ ಅಲ್ಲಿನ ಸರ್ಕಾರ ಅವರನ್ನು ಹೊರಹಾಕಲು ಹೊರಟಾಗ ಮೊಕದ್ದಮೆ ಒಕ್ಕೂಟದ ನ್ಯಾಯಾಲಯದ ಮೆಟ್ಟಿಲೇರಿತು. 1992ರ ಜುಲೈ 7ರ ತೀರ್ಪು, ಇನ್ನೊಂದು ಸದಸ್ಯ ದೇಶದಲ್ಲಿ ದುಡಿದು ತಾಯ್ನಾಡಿಗೆ ಮರಳುವ ಪೌರನ ಸಂಗಾತಿಗೆ ಅಲ್ಲಿ ಸಿಕ್ಕಿದ್ದಷ್ಟಾದರೂ ಹಕ್ಕು ತಾಯ್ನಾಡಿನಲ್ಲಿ ಸಿಗಬೇಕೆಂದು ಸಾರಿತು. 2008ರ ಜುಲೈ 25ರಂದು ಮೆಟಾಕ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ, ಸಂಗಾತಿ ಮೊದಲೇ ಯಾವುದಾದರೂ ಸದಸ್ಯ ದೇಶದಲ್ಲಿ ಕಾನೂನುಬದ್ಧವಾಗಿ ನೆಲೆಸಿರಬೇಕೆಂಬ ಐರ್ಲೆಂಡಿನ ಷರತ್ತನ್ನು ತಳ್ಳಿಹಾಕಿತು. ಗಡಿ ದಾಟಿ ಮರಳಿದವನಿಗೆ ಕೊಟ್ಟ ಹಕ್ಕನ್ನು ದಾಟದವನಿಗೂ ಕೊಡುವುದೇ ಈಗ ಉಳಿದಿರುವ ಹೆಜ್ಜೆ, ಅದನ್ನು ಇಡಬೇಕಾದವರು ಅಲ್ಲಿನ ಶಾಸಕರು.

ಪರೀಕ್ಷೆಗಳನ್ನು ಸಮರ್ಥಿಸುವವರು ಎರಡು ಕಾರಣ ಹೇಳುತ್ತಾರೆ. ಭಾಷೆ ಬಂದರೆ ಹೊಸ ನಾಡಿನಲ್ಲಿ ಬಾಳುವುದು ಸುಲಭವೆಂಬುದು ಒಂದು. ಅದು ನಿಜ, ಆದರೆ ಭಾಷೆಯನ್ನು ಆಡುವವರ ನಡುವೆ ಕಲಿಯುವುದು ಹೆಚ್ಚು ಸುಲಭವೆಂಬುದು ಅದಕ್ಕಿಂತ ನಿಜ. 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಅತಿ ಕಡಿಮೆ, ಹೆಂಗಸರಲ್ಲಿ ಇನ್ನೂ ಕಡಿಮೆ. ಕನ್ನಡದಲ್ಲೇ ಓದು ಬರಹ ಸಿಗದವಳಿಗೆ, ಸುಮಾರು 500 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ಕೋಣೆ ಬಾಡಿಗೆ ಹಿಡಿದು ಜರ್ಮನ್ ಕಲಿತು ಬಾ ಎಂದು ಹೇಳುವುದು ಗಂಡನನ್ನು ಸೇರಬೇಡ ಎಂದು ಹೇಳಿದಂತೆಯೇ. ಸುಳ್ಳು ಮದುವೆಗಳನ್ನು ತಡೆಯಬೇಕೆಂಬುದು ಎರಡನೆಯ ಕಾರಣ. ಅದಕ್ಕೆ ನಿರ್ದೇಶನದ 35ನೆಯ ವಿಧಿಯೇ ಸಾಕು. ಕಪಟ ಸಾಬೀತಾದರೆ ಹಕ್ಕನ್ನು ಹಿಂತೆಗೆಯಬಹುದೆಂದು ಅದು ಹೇಳುತ್ತದೆ. ಕೆಲವರ ವಂಚನೆಗೆ ಎಲ್ಲ ಸಂಸಾರಗಳನ್ನೂ ಶಿಕ್ಷಿಸುವ ಅಗತ್ಯವಿಲ್ಲ.

ಇನ್ನು ಮನೆಯೊಳಗಿನ ಕೊರತೆ. ಮಠದಲ್ಲೋ ಜಾತ್ರೆಯ ಸಾಮೂಹಿಕ ವಿವಾಹದಲ್ಲೋ ನಡೆದ ಮದುವೆಗೆ ಊರೆಲ್ಲ ಸಾಕ್ಷಿಯಾದರೂ, ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಲಗ್ನಪತ್ರಿಕೆಯೂ ಫೋಟೊ ಆಲ್ಬಮ್ಮೂ ಪ್ರಮಾಣಪತ್ರದ ಜಾಗದಲ್ಲಿ ನಿಲ್ಲುವುದಿಲ್ಲ. ಎಲ್ಲ ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2006ರ ಫೆಬ್ರುವರಿ 14ರಂದೇ ಹೇಳಿದೆ. ಇಬ್ಬರೂ ಹಿಂದೂಗಳಾಗಿದ್ದರೆ 1955ರ ಹಿಂದೂ ವಿವಾಹ ಕಾಯ್ದೆಯಂತೆ ನೋಂದಣಿ ಆಗುತ್ತದೆ. ಹಿಂದೂ ಹುಡುಗಿ ಗೋವಾದ ಕ್ರೈಸ್ತನನ್ನೋ ಜರ್ಮನ್ನನನ್ನೋ ಇಬ್ಬರೂ ತಮ್ಮ ಧರ್ಮದಲ್ಲೇ ಉಳಿದು ಮದುವೆಯಾಗಬೇಕಾದರೆ 1954ರ ವಿಶೇಷ ವಿವಾಹ ಕಾಯ್ದೆ ಒಂದು ದಾರಿ. ಇದಕ್ಕೆ ಇಬ್ಬರಲ್ಲಿ ಒಬ್ಬರು ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಾಗಿರಬೇಕು, ನೋಟಿಸ್ ಪ್ರಕಟವಾಗಿ 30 ದಿನ ಕಳೆಯಬೇಕು, ಮದುವೆಯ ದಿನ ಮೂವರು ಸಾಕ್ಷಿಗಳು ಸಹಿ ಹಾಕಬೇಕು. ರಜೆ ಹಾಕಿ ಹದಿನೈದು ದಿನಕ್ಕೆ ಬಂದ ವರ ಇದನ್ನು ಮುಗಿಸಲಾರನು. ಆದ್ದರಿಂದ ಮಾತುಕತೆಯ ಹಂತದಲ್ಲೇ ಈ ಲೆಕ್ಕ ಹಾಕಿಕೊಳ್ಳಬೇಕು.

ಹೆಸರಿನ ತೊಡಕು ಇದಕ್ಕಿಂತ ಹೆಚ್ಚು ಕಾಡುವಂಥದ್ದು. ಆಧಾರ್‌ನಲ್ಲಿ ಶರಣಮ್ಮ, ಶಾಲೆಯ ಅಂಕಪಟ್ಟಿಯಲ್ಲಿ ಶರಣಬಸಮ್ಮ, ರೇಷನ್ ಕಾರ್ಡಿನಲ್ಲಿ ಗಂಡನ ಮನೆತನದ ಹೆಸರು ಸೇರಿದ ಮೂರನೆಯ ರೂಪ ಇದ್ದರೆ, ಊರಿನಲ್ಲಿ ಯಾರಿಗೂ ಅನುಮಾನ ಬರದಿದ್ದರೂ ದೂತಾವಾಸದ ಮೇಜಿನ ಮೇಲೆ ಅವು ಮೂವರು ಹೆಂಗಸರ ದಾಖಲೆಗಳಾಗುತ್ತವೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲೇ ಎಲ್ಲವೂ ಒಂದೇ ರೂಪಕ್ಕೆ ಬರಬೇಕು. ಅನಂತರ ಪ್ರಮಾಣಪತ್ರಕ್ಕೆ ಅಪೊಸ್ಟಿಲ್, ಅಂದರೆ ಅದು ಅಸಲಿ ಸರ್ಕಾರಿ ದಾಖಲೆಯೆಂದು ವಿದೇಶಾಂಗ ಇಲಾಖೆ ಹಾಕುವ ಮುದ್ರೆ ಬೇಕಾಗುತ್ತದೆ. ಭಾರತ 2005ರಲ್ಲಿ ಈ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದೆ. ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಎತ್ತಿದ್ದರಿಂದ ಆ ದೇಶಕ್ಕೆ ಮಾತ್ರ ಈ ಮುದ್ರೆ ಸಾಲದು, ಅದರ ದೂತಾವಾಸ ದಾಖಲೆಗಳನ್ನು ಬೇರೆಯಾಗಿ ಪರಿಶೀಲಿಸಬಹುದು.

ಏಜೆಂಟರ ವಿಷಯದಲ್ಲಿ ಒಂದೇ ಎಚ್ಚರಿಕೆ ಸಾಕು. ಶುಲ್ಕವಿಲ್ಲದ ವೀಸಾಕ್ಕೆ ವೀಸಾ ಶುಲ್ಕವೆಂದು ಹಣ ಕೇಳುವವರನ್ನು ದೂರವಿಡಬೇಕು, ಹಾಗೆಯೇ ಬ್ರಿಟನ್ನಿಗೂ ಈ ನಿಯಮ ನಡೆಯುತ್ತದೆ ಎನ್ನುವವರನ್ನು ನಂಬಬಾರದು. ಬ್ರಿಟನ್ 2020ರ ಜನವರಿ 31ರಂದು ಒಕ್ಕೂಟ ಬಿಟ್ಟಿದೆ. ಅಲ್ಲಿ ಸಂಗಾತಿಯನ್ನು ಹೊಸದಾಗಿ ಕರೆಸಿಕೊಳ್ಳುವವರಿಗೆ 2024ರ ಏಪ್ರಿಲ್ 11ರಿಂದ ವರ್ಷಕ್ಕೆ 29,000 ಪೌಂಡ್ ಆದಾಯದ ಷರತ್ತು ಬಂದಿದೆ.

ಯುರೋಪಿನಿಂದ ಸಮಾನತೆ ಕೇಳುವ ಭಾರತವೂ ತನ್ನ ನಿಯಮ ನೋಡಿಕೊಳ್ಳಬೇಕು. ಭಾರತೀಯರನ್ನು ಮದುವೆಯಾದ ವಿದೇಶಿಯರು ಸಾಗರೋತ್ತರ ಪೌರ ಕಾರ್ಡ್ ಪಡೆಯಲು, ನೋಂದಣಿಯಾದ ಮದುವೆ ಎರಡು ವರ್ಷ ಸತತವಾಗಿ ಉಳಿದಿರಬೇಕೆಂಬ ಷರತ್ತು ಈಗ ಇದೆ. ಅಲ್ಲಿಯವರೆಗೆ ವೀಸಾ ನವೀಕರಿಸುತ್ತ ಕಾಯುವ ಹೊರದೇಶದ ಸೊಸೆ ಅಳಿಯಂದಿರ ಕಷ್ಟವೂ ದೋರನಹಳ್ಳಿಯ ಮಗಳ ಕಷ್ಟದಷ್ಟೇ ನಿಜವಾದದ್ದು, ಆ ಕಾಯುವಿಕೆಯೂ ಕಡಿಮೆಯಾಗಬೇಕು.

ಹೀಗಿರುವಾಗ ಭಾರತ ಸರ್ಕಾರ ಐರೋಪ್ಯ ಒಕ್ಕೂಟದೊಡನೆ ನಡೆಸುವ ಮಾತುಕತೆಗಳಲ್ಲಿ ವ್ಯಾಪಾರ ಮತ್ತು ತಂತ್ರಜ್ಞರ ಸಂಚಾರದ ಜೊತೆಗೆ ದಂಪತಿಗಳ ಸಂಚಾರವನ್ನೂ ಎತ್ತಬೇಕು. ಊರಲ್ಲಿರುವ ಸಂಗಾತಿಗೆ ಭಾಷೆಯ ಪರೀಕ್ಷೆ ಇಡುವುದನ್ನು ನಿಲ್ಲಿಸಿ, ಅದನ್ನು ಗಂಡನನ್ನು ಸೇರಿದ ಮೇಲಿನ ಕಲಿಕೆಯಾಗಿ ಮಾರ್ಪಡಿಸುವಂತೆ ಕೇಳಬೇಕು. ಕರ್ನಾಟಕ ಸರ್ಕಾರ ಅನಿವಾಸಿ ಕನ್ನಡಿಗರಿಗಾಗಿ ಮಾಡಿದ ವ್ಯವಸ್ಥೆ ಬೆಂಗಳೂರಿನಲ್ಲೇ ನಿಲ್ಲದೆ ಕಲಬುರಗಿ, ಯಾದಗಿರಿಗಳಿಗೂ ಬರಬೇಕು. ಗ್ರಾಮ ಪಂಚಾಯಿತಿ ಸದಸ್ಯರು, ಶಿಕ್ಷಕರು, ಆಶಾ ಕಾರ್ಯಕರ್ತೆಯರು ಈ ಕರಪತ್ರವನ್ನು ಓದು ಬಾರದವರಿಗೆ ಓದಿ ಹೇಳಬೇಕೆಂದು, ಈ ಹಂಗಾಮಿನಲ್ಲಿ ದೋರನಹಳ್ಳಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಡೆಯುವ ಪ್ರತಿಯೊಂದು ಮದುವೆಯನ್ನೂ, ವರ ಊರವನಿರಲಿ ಪರದೇಶದವನಿರಲಿ, ಅದೇ ತಿಂಗಳಲ್ಲಿ ನೋಂದಣಿ ಕಚೇರಿಯಲ್ಲಿ ದಾಖಲಿಸಬೇಕೆಂದು ಎಲ್ಲ ಹಿರಿಯರಲ್ಲಿ ವಿನಂತಿ.