ತಪ್ಪು ವಿಜ್ಞಾನದ ಕಥೆಗೂ ತರಗತಿಯಲ್ಲಿ ಜಾಗವಿರಲಿ

1938ರಲ್ಲಿ ಶುರುವಾದ ಸೂಪರ್‌ಮ್ಯಾನ್ ಕಾಮಿಕ್ಸ್ ಆಧರಿಸಿ ಜಾರ್ಜ್ ಲೋಥರ್ 1942ರಲ್ಲಿ ಸಾಹಸ ಕಾದಂಬರಿ ಬರೆದರು. ಇಂಥದ್ದರಲ್ಲಿ ತಪ್ಪು ವಿಜ್ಞಾನವಿದೆ, ತರಗತಿಗೆ ಬೇಡ ಎನ್ನುವವರಿದ್ದಾರೆ. ತಪ್ಪಿದೆ ಎಂಬ ಕಾರಣಕ್ಕೇ ಬೇಕು ಎನ್ನುತ್ತೇನೆ ನಾನು. ಮೊದಲ ಕಾಮಿಕ್ಸ್‌ನಲ್ಲೇ ನಾಯಕನ ಬಲಕ್ಕೆ ಇರುವೆ, ಮಿಡತೆಗಳ ಹೋಲಿಕೆಯಿದೆ. ಕ್ರಿಪ್ಟಾನ್ ಗ್ರಹದ ಮಗುವಿನ ಕಥೆ ಹೇಳಿ, ಇರುವೆ ಮನುಷ್ಯನಷ್ಟಾದರೆ ಅದೇ ಬಲ ಉಳಿದೀತೇ ಎಂದು ಎಂಟನೇ ತರಗತಿಯಲ್ಲಿ ಕೇಳಿದೆ. ಅಳತೆಯೆಲ್ಲ ಎರಡು ಪಟ್ಟಾದರೆ ಕಾಲಿನ ಅಡ್ಡಕೊಯ್ತದ ವಿಸ್ತೀರ್ಣ 4 ಪಟ್ಟು, ತೂಕ ಮಾತ್ರ 8 ಪಟ್ಟು! ಮರದ ಘನಗಳನ್ನು ಜೋಡಿಸಿ ಮಕ್ಕಳೇ ಲೆಕ್ಕ ಹಾಕಿದರು. “ಹಾಗಾದ್ರೆ ಇರುವೆ ಕಾಲೇ ಮುರಿಯುತ್ತೆ” ಎಂದಳು ಹಿಂದಿನ ಬೆಂಚಿನ ಹುಡುಗಿ. ಆ ಮಾತು ಬರೆಯಲು ನಮ್ಮ ಪಾಠಯೋಜನೆಯಲ್ಲಿ ಕಾಲಂ ಇಲ್ಲ. ವೀಕ್ಷಕರ ಷರಾ ಬಂದದ್ದು ‘ವಿಷಯಾಂತರ’ ಎಂದಷ್ಟೇ. 10 ನಿಮಿಷದ ಪೀಠಿಕೆಯಾಗಿಯಾದರೂ ಇದನ್ನು ಒಪ್ಪಬಾರದೇ?